ಹಲಸಿನ ಹಣ್ಣು ಮನೆಯಲ್ಲೇ ಬಿಡಿಸೋದು ಹೇಗೆ? ಅಂಟು ಎಲ್ಲಿರುತ್ತೆ ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗೀತು

ತುಮಕೂರು: ಮೇ ತಿಂಗಳು ಬಂತು ಅಂದ್ರೆ ಜಿಲ್ಲೆಯ ರಸ್ತೆ ಬದಿಯಲ್ಲೆಲ್ಲ ಹಲಸಿನ ರಾಶಿ. ಗುಬ್ಬಿ ತಾಲ್ಲೂಕಿನ ಚೇಳೂರು ಮಾರುಕಟ್ಟೆ ಹಲಸಿಗೇ ಹೆಸರುವಾಸಿ. ಇಷ್ಟಿದ್ದರೂ ಪಟ್ಟಣದ ಮನೆಗಳಲ್ಲಿ ಇಡೀ ಹಣ್ಣು ಕೊಳ್ಳೋರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗ್ತಿದ್ದಾರೆ. ಬಿಡಿಸಿಟ್ಟ ಹತ್ತು ತೊಳೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ತರೋದೇ ಅಭ್ಯಾಸ ಆಗಿದೆ. ಆ ತೊಳೆ ಎಷ್ಟು ಹೊತ್ತಿನಿಂದ ಧೂಳು, ನೊಣದ ಮಧ್ಯೆ ಇತ್ತು ಅಂತ ಕೇಳೋಕೆ ಹೋಗಲ್ಲ. ಹಳ್ಳಿ ಕಡೆ ಇದರ ಉಲ್ಟಾ. ತೋಟದ ಬದುವಿನಲ್ಲಿ ಹಣ್ಣು ಉದುರಿ ಕೊಳೆಯುತ್ತಿರುತ್ತೆ, ಮನೆಯಲ್ಲಿ ಅದನ್ನು ಬಿಡಿಸೋಕೆ ಕೂರೋರೇ ಇರಲ್ಲ.

ಎರಡೂ ಕಡೆ ಕಾರಣ ಒಂದೇ: ಅಂಟು. ಕೈಗೆ, ಚಾಕುಗೆ, ಸೀರೆ ಸೆರಗಿಗೆ, ಕೊನೆಗೆ ಬಚ್ಚಲುಮನೆ ನಲ್ಲಿಗೂ ಮೆತ್ತಿಕೊಳ್ಳುವ ಆ ಹಾಲು. ಅಜ್ಜಿ ಕಾಲದಲ್ಲಿ ಕಷ್ಟ ಅನಿಸದೇ ಇದ್ದದ್ದು ಈಗ ಕಷ್ಟ ಅನಿಸೋದಕ್ಕೆ ಕಾರಣ ಹಣ್ಣು ಬದಲಾಗಿರೋದಲ್ಲ, ಬಿಡಿಸುವ ಕ್ರಮ ಮರೆತುಹೋಗಿರೋದು. ಅದನ್ನೇ ಇಲ್ಲಿ ವಿವರವಾಗಿ ಕೊಡ್ತಿದ್ದೇವೆ. ಜೊತೆಗೆ ಅನಾನಸ್, ಮಾವು, ಪಪ್ಪಾಯಿ ಬಗ್ಗೆಯೂ ಒಂದೆರಡು ಮಾತು ಇದೆ.

ಹಣ್ಣಿನ ಒಳಗೆ ಏನಿರುತ್ತೆ?

ಹಲಸು ಒಂದು ಹಣ್ಣಲ್ಲ, ನೂರಾರು ಹಣ್ಣುಗಳ ಗೊಂಚಲು. ಒಂದೊಂದು ಹೂವಿನಿಂದ ಒಂದೊಂದು ತೊಳೆ ಆಗಿರುತ್ತೆ. ಫಲ ಕಟ್ಟದ ಹೂವುಗಳು ತೊಳೆಗಳ ನಡುವೆ ಚಪ್ಪಟೆ ನಾರಾಗಿ ಉಳಿಯುತ್ತವೆ. ಮಧ್ಯದಲ್ಲಿ ಬಿಳಿ ದಿಂಡು, ಹೊರಗೆ ಮುಳ್ಳು ಸಿಪ್ಪೆ.

ಅಂಟು ಹೆಚ್ಚಾಗಿ ಇರೋದು ದಿಂಡು, ಸಿಪ್ಪೆ ಮತ್ತು ಆ ನಾರಿನಲ್ಲಿ. ತೊಳೆಯಲ್ಲಿ ತೀರಾ ಕಡಿಮೆ. ಹಾಗಾಗಿ ಚಾಕು ದಿಂಡನ್ನು ಎಷ್ಟು ಕಡಿಮೆ ಸಲ ಕುಯ್ಯುತ್ತೋ ಅಷ್ಟು ಕಡಿಮೆ ಅಂಟು. ಹಣ್ಣನ್ನು ಕಲ್ಲಂಗಡಿ ಥರ ಕಂಡಕಂಡಲ್ಲಿ ಹೋಳು ಮಾಡಿದ್ರೆ ಪ್ರತಿ ಹೋಳಿನಲ್ಲೂ ದಿಂಡು ತೆರೆದುಕೊಂಡು ಹಾಲು ಸುರಿಯುತ್ತೆ. ಹೊಸಬರು ಮಾಡೋದು ಇದನ್ನೇ, ಆಮೇಲೆ ಹಲಸಿನ ಸಹವಾಸವೇ ಬೇಡ ಅಂತಾರೆ.

ಈ ಅಂಟು ರಬ್ಬರ್ ಹಾಲಿನ ಜಾತಿಯದ್ದು. ನೀರಿನಲ್ಲಿ ಕರಗಲ್ಲ, ಎಣ್ಣೆಗೆ ಬಿಡುತ್ತೆ. ಕೈಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಹಿರಿಯರು ಹೇಳ್ತಿದ್ದದ್ದು ಇದಕ್ಕೇ.

ಹಣ್ಣಾಗಿದೆಯಾ, ಇಲ್ವಾ?

ಕೈಯಿಂದ ತಟ್ಟಿದಾಗ ಡಬ್ ಡಬ್ ಅಂತ ಟೊಳ್ಳು ಸದ್ದು ಬರಬೇಕು. ಕಾಯಿ ಇದ್ದಾಗ ಸದ್ದು ಗಟ್ಟಿಯಾಗಿರುತ್ತೆ. ಮುಳ್ಳುಗಳು ಒಂದಕ್ಕೊಂದು ದೂರವಾಗಿ, ತುದಿ ಮೊಂಡಾಗಿರಬೇಕು. ಒತ್ತಿದ್ರೆ ಸ್ವಲ್ಪ ಬಗ್ಗಬೇಕು. ಇನ್ನು ವಾಸನೆಯಂತೂ ಪಕ್ಕದ ಮನೆಗೂ ಗೊತ್ತಾಗುತ್ತೆ.

ಬಲಿತ ಕಾಯಿ ತಂದಿದ್ರೆ ಮೂಲೆಯಲ್ಲಿ ಗೋಣಿಚೀಲ ಸುತ್ತಿ ಇಡಿ. ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಹಣ್ಣಾಗುತ್ತೆ. ಪೂರ್ತಿ ಹಣ್ಣಾಗುವ ಮೊದಲು ಫ್ರಿಜ್‌ಗೆ ಇಡಬಾರದು. ತಂಪಿಗೆ ಹಣ್ಣಾಗುವ ಕೆಲಸ ನಿಂತು, ಒಳಗೆ ಕಂದು ಬಣ್ಣಕ್ಕೆ ತಿರುಗುತ್ತೆ. ಅರೆಹಣ್ಣು ಬಿಡಿಸೋಕೂ ಹೋಗಬೇಡಿ. ಕಾಯಿತನ ಇದ್ದಷ್ಟೂ ಅಂಟು ಜಾಸ್ತಿ.

ಕೊಳ್ಳುವಾಗ ಬಕ್ಕೆನಾ ಅಂತ ಕೇಳಿ. ಬಕ್ಕೆ ಹಲಸಿನ ತೊಳೆ ಗಟ್ಟಿ, ಕಚ್ಚಿದ್ರೆ ಕರಕರ ಅನ್ನುತ್ತೆ, ಬಿಡಿಸೋದೂ ಸಲೀಸು. ಇನ್ನೊಂದು ಜಾತಿ ಮೆತ್ತಗೆ, ರಸ ರಸವಾಗಿ, ನುಂಗಿದ್ರೆ ಜಾರಿ ಹೋಗುವಂಥದ್ದು. ಅಂಬಲಿ ಹಲಸು ಅಂತಲೂ ಕರೀತಾರೆ, ಕರಾವಳಿಯವರು ತುಳುವೆ ಅಂತಾರೆ. ಅದಕ್ಕೆ ಚಾಕು ಬೇಕಾಗೋದೇ ಇಲ್ಲ. ತೊಟ್ಟಿನ ಹತ್ತಿರ ಬೆರಳು ಹಾಕಿ ಎಳೆದರೆ ಸಿಪ್ಪೆ ಬಾಯಿ ಬಿಡುತ್ತೆ, ದಿಂಡು ಹಿಡಿದು ಮೇಲಕ್ಕೆತ್ತಬಹುದು.

ನಾಲ್ಕು ಜನರ ಮನೆಗೆ ಹತ್ತು ಹನ್ನೆರಡು ಕೆ.ಜಿ. ಹಣ್ಣು ಜಾಸ್ತಿಯೇ. ಒಟ್ಟು ತೂಕದಲ್ಲಿ ತಿನ್ನುವ ತೊಳೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಂತ ಲೆಕ್ಕ ಇಟ್ಟುಕೊಂಡು ಕೊಳ್ಳಿ. ಚಿಕ್ಕ ಹಣ್ಣು ಬೇಕು ಅನ್ನೋರಿಗೆ ನಮ್ಮ ಜಿಲ್ಲೆಯದ್ದೇ ತಳಿ ಇದೆ, ಸಿದ್ದು ಹಲಸು. ಚೇಳೂರಿನ ರೈತ ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ತೊಳೆ ತಾಮ್ರಗೆಂಪು, ಹಣ್ಣಿನ ತೂಕ ಸುಮಾರು ಎರಡೂವರೆ ಕೆ.ಜಿ. ಮಾತ್ರ. ಇದನ್ನು ಗುರುತಿಸಿ ಬೆಳಕಿಗೆ ತಂದಿದ್ದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅದರದ್ದೇ ಪ್ರಯೋಗ ಕೇಂದ್ರ ನಮ್ಮ ಹಿರೇಹಳ್ಳಿಯಲ್ಲಿದೆ. ಹಿತ್ತಲಲ್ಲಿ ಜಾಗ ಇದ್ದೋರು ಒಂದು ಕಸಿ ಗಿಡ ಹಾಕಿಕೊಂಡ್ರೆ ಮಚ್ಚು ಹಿಡಿಯುವ ತಾಪತ್ರಯವೇ ತಪ್ಪುತ್ತೆ, ಅಡುಗೆಮನೆ ಚಾಕು ಸಾಕು.

ಕೂರುವ ಮೊದಲು

ಹಣ್ಣನ್ನು ಮೊದಲು ನೀರಲ್ಲಿ ಉಜ್ಜಿ ತೊಳೆದು ಒರೆಸಿ. ಸಿಪ್ಪೆ ತಿನ್ನಲ್ಲವಲ್ಲ ಅಂತ ತುಂಬಾ ಜನ ಇದನ್ನು ಬಿಡ್ತಾರೆ. ಆದರೆ ನೆಲದ ಮೇಲೆ, ಲಾರಿಯಲ್ಲಿ ಉರುಳಿಕೊಂಡು ಬಂದ ಹಣ್ಣಿನ ಮಣ್ಣು ಚಾಕುವಿನ ಬಾಯಿ ಹಿಡಿದು ನೇರ ತೊಳೆಗೇ ಹೋಗೋದು. ಈ ಮಾತು ಕಲ್ಲಂಗಡಿ, ಅನಾನಸ್ ಎಲ್ಲದಕ್ಕೂ ಅನ್ವಯ.

ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಹಳೇ ಪೇಪರ್ ನಾಲ್ಕೈದು ಪದರ ಹಾಸಿ. ಗೋಣಿ ಇದ್ರೆ ಹಣ್ಣು ಉರುಳಲ್ಲ. ಹಳೇ ಬಟ್ಟೆ ಹಾಕಿಕೊಳ್ಳಿ, ಕೂದಲು ಕಟ್ಟಿಕೊಳ್ಳಿ, ಉಂಗುರ, ಬಳೆ ತೆಗೆದಿಡಿ. ಪಕ್ಕದಲ್ಲಿ ಬಟ್ಟಲಲ್ಲಿ ಎಣ್ಣೆ ಇರಲಿ. ತಿಪಟೂರಿನ ಜಿಲ್ಲೆಯಲ್ಲಿ ಕೊಬ್ಬರಿ ಎಣ್ಣೆಗೇನೂ ಬರ ಇಲ್ಲ. ಕಡ್ಲೆಕಾಯಿ ಎಣ್ಣೆ, ಹರಳೆಣ್ಣೆ, ಯಾವುದಾದ್ರೂ ಆಗುತ್ತೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. ಎಣ್ಣೆ ಹಚ್ಚಬೇಕಾದದ್ದು ಚಾಕುವಿನ ಬಾಯಿಗೆ ಮತ್ತು ಹಣ್ಣು ಹಿಡಿಯುವ ಕೈಗೆ ಮಾತ್ರ. ಚಾಕುವಿನ ಹಿಡಿ ಮತ್ತು ಅದನ್ನು ಹಿಡಿಯುವ ಕೈ ಒಣಗಿಯೇ ಇರಬೇಕು. ಹಿಡಿಗೆ ಒಂದು ಹಳೇ ಬಟ್ಟೆ ಸುತ್ತಿಕೊಂಡ್ರೆ ಇನ್ನೂ ಒಳ್ಳೇದು. ಎರಡೂ ಕೈಗೆ ಎಣ್ಣೆ ಸವರಿಕೊಂಡು ಮಚ್ಚು ಹಿಡಿದರೆ ಅದು ಜಾರದೇ ಇನ್ನೇನು ಮಾಡುತ್ತೆ? ಚಾಕು ಮೊಂಡಾಗಿರಲೂಬಾರದು. ಮೊಂಡ ಚಾಕುವಿಗೆ ಬಲ ಹಾಕಬೇಕಾಗುತ್ತೆ, ಬಲ ಹಾಕಿದಾಗಲೇ ಅದು ಹಿಡಿತ ತಪ್ಪೋದು. ಪುಟ್ಟ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ತೊಳೆ ಬಿಡಿಸುವ ಹಂತಕ್ಕೆ ಕರೆದರೆ ಸಾಕು.

ಸೀಳುವ ಕ್ರಮ

ಹಣ್ಣನ್ನು ಅಡ್ಡ ಮಲಗಿಸಿ. ಸೊಂಟದ ಭಾಗದಲ್ಲಿ ಸುತ್ತಲೂ ಒಂದು ಗೆರೆ ಹಾಕಿದ ಹಾಗೆ ಚಾಕು ಓಡಿಸಿ. ಆಳ ಸಿಪ್ಪೆಯಷ್ಟೇ, ಅರ್ಧ ಇಂಚು ಸಾಕು. ಒಂದೇ ಏಟಿಗೆ ಎರಡು ಭಾಗ ಮಾಡಬೇಕು ಅನ್ನುವ ಹಠ ಬೇಡ. ಮಚ್ಚು ಎತ್ತಿ ಹೊಡೆದರೆ ದಿಂಡು ಕಡಿದು ಹಾಲು ಚಿಮ್ಮುತ್ತೆ, ಹತ್ತಾರು ತೊಳೆ, ಬೀಜ ಕತ್ತರಿಸಿ ಹಾಳಾಗುತ್ತೆ, ಏಟು ತಪ್ಪಿದ್ರೆ ಕಾಲಿಗೂ ಬೀಳಬಹುದು. ಚಾಕು ಇಟ್ಟು ಒತ್ತಿ, ಹಣ್ಣನ್ನು ನಿಧಾನ ಹೊರಳಿಸುತ್ತಾ ಬನ್ನಿ.

ಗೆರೆ ಸುತ್ತು ಬಂದ ಮೇಲೆ ಚಾಕು ಕೆಳಗಿಡಿ. ಎರಡೂ ಕಡೆ ಕೈ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ ಎಳೆಯಿರಿ. ಚೆನ್ನಾಗಿ ಹಣ್ಣಾಗಿದ್ರೆ ಎರಡು ಭಾಗ ಬೇರೆಯಾಗುತ್ತೆ, ದಿಂಡು ಒಂದು ಕಡೆಯ ಭಾಗಕ್ಕೆ ಅಂಟಿಕೊಂಡೇ ಬರುತ್ತೆ. ಬರಲಿಲ್ಲ ಅಂದ್ರೆ ಹಣ್ಣು ಇನ್ನೂ ಬಿಗಿ ಇದೆ ಅಂತ ಅರ್ಥ. ಆಗ ಅದೇ ಗೆರೆಯಲ್ಲಿ ಎಣ್ಣೆ ಸವರಿದ ಉದ್ದ ಚಾಕು ಇಳಿಸಿ ಒಂದು ಸಲ ದಿಂಡು ಕುಯ್ಯಿರಿ.

ಹಾಲು ಕಂಡ ತಕ್ಷಣ ಕೆಲಸ ನಿಲ್ಲಿಸಬೇಕು. ಒಣ ಪೇಪರ್ ಉಂಡೆ ಮಾಡಿ ಹಾಲಿನ ಮೇಲೆ ಒತ್ತಿ ಒರೆಸಿ, ಆ ಪೇಪರ್ ಎಸೆದು ಇನ್ನೊಂದರಿಂದ ಮತ್ತೆ ಒರೆಸಿ. ಒಂದು ಒಣ ಕಡ್ಡಿ ತಗೊಂಡು ಹಾಲನ್ನು ಸುತ್ತುತ್ತಾ ಹೋದ್ರೆ ಅದು ದಾರದ ಉಂಡೆ ಥರ ಕಡ್ಡಿಗೇ ಸುತ್ತಿಕೊಳ್ಳುತ್ತೆ. ಹಳ್ಳಿ ಹುಡುಗರಿಗೆ ಇದೊಂದು ಆಟ. ಈ ಐದು ನಿಮಿಷದ ತಾಳ್ಮೆಯೇ ಮುಂದಿನ ಒಂದು ಗಂಟೆಯ ಒದ್ದಾಟ ತಪ್ಪಿಸೋದು.

ಈಗ ಒಂದೊಂದು ಅರ್ಧವನ್ನೂ ಉದ್ದಕ್ಕೆ ಎರಡು ಹೋಳು ಮಾಡಿ. ಒಟ್ಟು ನಾಲ್ಕು ಹೋಳು ಆಗುತ್ತೆ. ಹೋಳನ್ನು ಸಿಪ್ಪೆ ಕೆಳಗೆ ಬರುವ ಹಾಗೆ ಇಟ್ಟರೆ ಮೇಲಿನ ಅಂಚಿನಲ್ಲಿ ಬಿಳಿ ದಿಂಡು ಕಾಣುತ್ತೆ. ಚಾಕುವನ್ನು ಓರೆಯಾಗಿ ಹಿಡಿದು ಆ ದಿಂಡನ್ನು ಉದ್ದಕ್ಕೂ ಒಂದೇ ಪಟ್ಟಿಯಾಗಿ ತೆಗೆದುಬಿಡಿ. ತೀರಾ ಆಳಕ್ಕೆ ಹೋಗಬೇಡಿ, ತೊಳೆಯ ಬುಡ ಕಾಣಿಸುವಷ್ಟು ಸಾಕು. ಈಳಿಗೆ ಮಣೆ ಅಭ್ಯಾಸ ಇದ್ದೋರಿಗೆ ಈ ಕೆಲಸ ಅದರಲ್ಲೇ ಸಲೀಸು. ಮಣೆಯನ್ನು ಕಾಲಲ್ಲಿ ಗಟ್ಟಿಯಾಗಿ ಹಿಡಿದಿರುತ್ತೀರಿ, ಎರಡೂ ಕೈ ಹೋಳಿಗೆ ಸಿಗುತ್ತೆ. ಅಭ್ಯಾಸ ಇಲ್ಲದವರು ಹಲಸಿನ ಮೇಲೆ ಈಳಿಗೆ ಕಲಿಯೋಕೆ ಹೋಗಬಾರದು.

ದಿಂಡು ಹೋಯ್ತು ಅಂದ್ರೆ ಅಂಟಿನ ದೊಡ್ಡ ಪಾಲು ಹೋಯ್ತು. ಇನ್ನು ಹೋಳಿನ ಎರಡು ತುದಿ ಹಿಡಿದು ಹಿಂದಕ್ಕೆ ಬಗ್ಗಿಸಿ, ಸಿಪ್ಪೆ ಒಳಗಡೆಗೆ, ತೊಳೆ ಹೊರಗಡೆಗೆ ಬರುವ ಹಾಗೆ. ತೊಳೆಗಳು ಹೂವಿನ ದಳ ಬಿಚ್ಚಿದ ಹಾಗೆ ಎದ್ದು ನಿಲ್ಲುತ್ತವೆ. ಒಂದೊಂದನ್ನೇ ಬುಡದಲ್ಲಿ ಹಿಡಿದು ಕಿತ್ತರೆ ಬಂದುಬಿಡುತ್ತೆ. ಸುತ್ತ ಅಂಟಿಕೊಂಡಿರುವ ನಾರು ಬಿಡಿಸಿ, ತುದಿಯಲ್ಲಿ ಗಟ್ಟಿ ಇರುವ ಚೂರನ್ನು ಚಿವುಟಿ ಹಾಕಿ, ಬೆರಳಲ್ಲೇ ಸೀಳಿ ಬೀಜ ತೆಗೆಯಿರಿ. ಬೀಜದ ಮೇಲಿನ ತೆಳು ಪೊರೆ ತೊಳೆಯೊಳಗೆ ಉಳಿದಿದ್ರೆ ಅದನ್ನೂ ತೆಗೆದುಬಿಡಿ.

ಬಿಡಿಸಿದ ತೊಳೆಯನ್ನು ನೀರಲ್ಲಿ ತೊಳೆಯಬೇಡಿ. ರುಚಿಯೂ ಹೋಗುತ್ತೆ, ಬೇಗ ಕೆಡುತ್ತೆ ಕೂಡ. ಅದಕ್ಕೇ ಸಿಪ್ಪೆಯನ್ನು ಮೊದಲೇ ತೊಳೆಯಿರಿ ಅಂದಿದ್ದು.

ಪಲ್ಯಕ್ಕೆ ಎಳೆ ಹಲಸಿನಕಾಯಿ ಹೆಚ್ಚುವಾಗ ಈ ಕ್ರಮ ನಡೆಯಲ್ಲ. ಅದರಲ್ಲಿ ತೊಳೆ, ನಾರು, ದಿಂಡು ಎಲ್ಲಾ ಒಂದೇ ಮುದ್ದೆ, ಅಂಟೂ ಸಿಕ್ಕಾಪಟ್ಟೆ. ದಪ್ಪ ಬಿಲ್ಲೆ ಮಾಡಿ, ಹಾಲು ಒರೆಸಿ, ಸಿಪ್ಪೆ ಹೆರೆದು, ಹೋಳುಗಳನ್ನು ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ. ಇಲ್ಲದಿದ್ರೆ ಕಪ್ಪಾಗುತ್ತೆ.

ಮೆತ್ತಿಕೊಂಡ ಮೇಲೆ

ಎಲ್ಲಕ್ಕಿಂತ ಮೊದಲ ನಿಯಮ: ನೀರು ಹಾಕಬೇಡಿ. ನೀರು, ಸೋಪು ಅಂತ ಓಡಿದ್ರೆ ಅಂಟು ಗಟ್ಟಿಯಾಗಿ ಇನ್ನೂ ಹರಡುತ್ತೆ. ಕೈಗೆ ಧಾರಾಳ ಎಣ್ಣೆ ಹಾಕಿ ಉಜ್ಜಿ, ಪೇಪರ್ ಅಥವಾ ತೆಂಗಿನ ನಾರಿನಿಂದ ಒರೆಸಿ, ಆಮೇಲೆ ಸೋಪು. ಕೂದಲಿಗೆ ತಗುಲಿದ್ರೂ ಇದೇ ಕ್ರಮ, ಗಾಬರಿಯಾಗಿ ಕತ್ತರಿ ಹಿಡಿಯಬೇಡಿ. ಬಟ್ಟೆಗಾದ್ರೆ ಐಸ್ ಉಜ್ಜಿ ಅಂಟನ್ನು ಗಟ್ಟಿ ಮಾಡಿ, ಉಗುರಲ್ಲಿ ಕೆರೆದು, ಉಳಿದ ಕಲೆಗೆ ಎಣ್ಣೆ ಹಚ್ಚಿ, ಕೊನೆಗೆ ಸೋಪಿನ ಪುಡಿಯಲ್ಲಿ ಒಗೆಯಿರಿ. ಮಚ್ಚಿಗೆ ಕೆಲವರು ಸೀಮೆಎಣ್ಣೆ ಹಾಕ್ತಾರೆ. ಅಡುಗೆ ಚಾಕುವಿಗೆ ಅದು ಬೇಡ, ಚರ್ಮಕ್ಕಂತೂ ಬೇಡವೇ ಬೇಡ.

ಅಂಟಿನ ಪೇಪರ್, ದಿಂಡು ಇದ್ಯಾವುದನ್ನೂ ಸಿಂಕ್‌ಗೆ ಬಿಡಬೇಡಿ. ಪೈಪು ಕಟ್ಟಿಕೊಂಡ್ರೆ ಪ್ಲಂಬರ್‌ಗೆ ಕೊಡುವ ದುಡ್ಡಲ್ಲಿ ಇನ್ನೂ ನಾಲ್ಕು ಹಣ್ಣು ಬರುತ್ತೆ.

ಬೇರೆ ಹಣ್ಣುಗಳಲ್ಲಿ

ಅನಾನಸ್‌ನ ಕಷ್ಟ ಅದರ ಕಣ್ಣು. ಕಣ್ಣು ಹೋಗಲಿ ಅಂತ ಸಿಪ್ಪೆ ದಪ್ಪ ತೆಗೆದರೆ ಅರ್ಧ ಹಣ್ಣು ಕಸಕ್ಕೆ. ಜುಟ್ಟು ತಿರುಚಿ ಕಿತ್ತು, ಮೇಲೆ ಕೆಳಗೆ ಚಪ್ಪಟೆ ಮಾಡಿ ನಿಲ್ಲಿಸಿ, ಸಿಪ್ಪೆಯನ್ನು ತೆಳುವಾಗಿ ಮೇಲಿಂದ ಕೆಳಕ್ಕೆ ಇಳಿಸಿ. ಆಗ ಕಣ್ಣುಗಳು ಓರೆ ಸಾಲಿನಲ್ಲಿ ಕಾಣುತ್ತವೆ. ಆ ಸಾಲು ಹಿಡಿದು ಎರಡು ಕಡೆಯಿಂದ ಓರೆಯಾಗಿ ಕುಯ್ದು ತೋಡು ತೆಗೆದ ಹಾಗೆ ತೆಗೆದುಬಿಡಿ. ಬನವಾಸಿ, ಸೊರಬದ ಕಡೆ ಅನಾನಸ್ ಬೆಳೆಯುವವರು ಇರುವ ಊರುಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕೆಲಸ. ತಿಂದಾಗ ನಾಲಿಗೆ ಚುರುಚುರು ಅನ್ನೋದು ಬ್ರೋಮೆಲಿನ್ ಅನ್ನುವ ಕಿಣ್ವದಿಂದ. ಅದು ಪ್ರೋಟೀನನ್ನು ಒಡೆಯುತ್ತೆ, ಅದಕ್ಕೇ ಹಸಿ ಅನಾನಸ್ ಹಾಲಿಗೆ ಹಾಕಿದ್ರೆ ಕಹಿ ಬರೋದು. ಬೇಯಿಸಿದ್ರೆ ಆ ಗುಣ ಹೋಗುತ್ತೆ. ಗೊಜ್ಜು, ಕೇಸರಿಬಾತ್‌ಗೆ ತೊಂದರೆ ಇಲ್ಲ.

ಮಾವಿನಲ್ಲಿ ನೋಡಬೇಕಾದ್ದು ತೊಟ್ಟಿನ ಸೊನೆ. ಚರ್ಮಕ್ಕೆ ತಗುಲಿದ್ರೆ ಸುಟ್ಟ ಹಾಗೆ ಗಾಯ ಆಗುತ್ತೆ, ಮಕ್ಕಳ ತುಟಿ ಸುತ್ತ ಗುಳ್ಳೆ ಏಳೋದಕ್ಕೂ ಇದೇ ಕಾರಣ. ಚೆನ್ನಾಗಿ ತೊಳೆದು, ತೊಟ್ಟಿನ ಭಾಗ ಒಂದು ಬಿಲ್ಲೆಯಷ್ಟು ಕುಯ್ದು ಎಸೆದು, ಆಮೇಲೆ ವಾಟೆಯ ಎರಡೂ ಮಗ್ಗುಲಿಗೆ ಚಾಕು ಇಳಿಸಿ. ವಾಟೆ ಚಪ್ಪಟೆ ಇರುತ್ತೆ, ಅದರ ಅಗಲದ ಕಡೆ ಕುಯ್ದರೆ ಮಾತ್ರ ಹೋಳು ಪೂರ್ತಿ ಸಿಗೋದು. ಪಪ್ಪಾಯಿ ಸುಲಭ, ಹೇಳೋದಕ್ಕೇನೂ ಇಲ್ಲ. ಆದರೆ ಕಾಯಿ ಹೆರೆಯುವಾಗ ಬರುವ ಹಾಲು ಕೈ ಉರಿಸುತ್ತೆ. ಗರ್ಭಿಣಿಯರು ಹಾಲಿರುವ ಕಾಯಿಯಿಂದ ದೂರ ಇರೋದೇ ಒಳ್ಳೇದು.

ಕುಯ್ದ ಮೇಲೆ ಎಷ್ಟು ಹೊತ್ತು?

ಸಿಪ್ಪೆ ಇರುವ ತನಕ ಹಣ್ಣಿಗೆ ಕಾವಲು ಇದ್ದ ಹಾಗೆ. ಕುಯ್ದ ಮೇಲೆ ಹೊರಗೆ ಎರಡು ಗಂಟೆ, ಬಿರುಬೇಸಿಗೆಯಲ್ಲಿ ಒಂದೇ ಗಂಟೆ. ಅಷ್ಟರಲ್ಲಿ ತಿನ್ನಬೇಕು, ಇಲ್ಲಾ ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಫ್ರಿಜ್‌ಗೆ ಹೋಗಬೇಕು. ಫ್ರಿಜ್‌ನಲ್ಲಿ ಹಲಸಿನ ತೊಳೆ ಮೂರ್ನಾಲ್ಕು ದಿನ ಚೆನ್ನಾಗಿರುತ್ತೆ. ಮುಚ್ಚಳ ಸಡಿಲ ಇದ್ರೆ ಹಾಲು, ಮೊಸರು ಎಲ್ಲದಕ್ಕೂ ಹಲಸಿನ ವಾಸನೆ ಗ್ಯಾರಂಟಿ. ಬೀಜ ತೆಗೆದ ತೊಳೆಯನ್ನು ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತೆ, ಕಡುಬು, ಪಾಯಸಕ್ಕೆ ಆಗುತ್ತೆ. ಮಾಂಸ ಹೆಚ್ಚುವ ಹಲಗೆ, ಚಾಕು ಬೇರೆ ಇರಲಿ. ಬಾವಲಿ, ಹಕ್ಕಿ ಕಚ್ಚಿದ ಹಣ್ಣು ಸಿಹಿ ಜಾಸ್ತಿ ಅನ್ನುವ ಮಾತಿದೆ. ಪಕ್ಕದ ಕೇರಳದಲ್ಲಿ ನಿಫಾ ಕಂಡ ಮೇಲೆ ಆ ರುಚಿ ನೋಡೋಕೆ ಹೋಗಬಾರದು. ಕಚ್ಚಿದ ಭಾಗ ಕುಯ್ದು ಉಳಿದದ್ದು ತಿನ್ನೋದಲ್ಲ, ಇಡೀ ಹಣ್ಣೇ ಎಸೆಯಬೇಕು.

ಯಾರು ಹುಷಾರಾಗಿರಬೇಕು?

ಹಸಿದು ಹಲಸು, ಉಂಡು ಮಾವು ಅಂತ ಗಾದೆ ಇದೆ. ಸಕ್ಕರೆ ಕಾಯಿಲೆ ಇರುವವರು ಆ ಹಸಿವಿನಲ್ಲಿ ಎಷ್ಟು ತಿಂದೆವು ಅಂತ ಎಣಿಸಿಕೊಳ್ಳಬೇಕು. 100 ಗ್ರಾಂ ತೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆ ಅಂಶ ಇರುತ್ತೆ.

ಕಿಡ್ನಿ ತೊಂದರೆ ಇರುವವರ ವಿಷಯ ಇನ್ನೂ ಗಂಭೀರ. ಅದೇ 100 ಗ್ರಾಂನಲ್ಲಿ ಸುಮಾರು 448 ಮಿಲಿಗ್ರಾಂ ಪೊಟ್ಯಾಸಿಯಂ ಇದೆ, ಬಾಳೆಹಣ್ಣಿಗಿಂತ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ರೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತೆ. ಡಯಾಲಿಸಿಸ್‌ನಲ್ಲಿರುವವರು ಡಾಕ್ಟರನ್ನು ಕೇಳದೆ ಒಂದು ತೊಳೆಯನ್ನೂ ಮುಟ್ಟಬಾರದು. ಮನೆಗೆ ಬಂದ ನೆಂಟರಿಗೆ ಒತ್ತಾಯ ಮಾಡಿ ಬಡಿಸುವ ನಮ್ಮ ಅಭ್ಯಾಸ ಇಲ್ಲಿ ಉಪಕಾರ ಅಲ್ಲ. ಧಾರೆಹುಳಿ ಅಥವಾ ಕಮರಾಕ್ಷಿ ಹಣ್ಣಂತೂ ಕಿಡ್ನಿ ರೋಗಿಗಳಿಗೆ ವಿಷವೇ. ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ರಬ್ಬರ್ ಕೈಗವಸು, ಬಲೂನು ಮುಟ್ಟಿದ್ರೆ ಮೈ ತುರಿಸುವವರಲ್ಲಿ ಕೆಲವರಿಗೆ ಹಲಸು, ಪಪ್ಪಾಯಿ, ಬಾಳೆ ಕೂಡ ಆಗಿಬರಲ್ಲ. ಬಾಯಿ, ಗಂಟಲು ತುರಿಸಿದ್ರೆ ಅಲ್ಲಿಗೇ ನಿಲ್ಲಿಸಿ.

ಬೀಜ ಮತ್ತು ಸಿಪ್ಪೆ

ಬೀಜ ಹಸಿಯಾಗಿ ತಿನ್ನುವಂಥದ್ದಲ್ಲ, ಅರಗಲ್ಲ. ಬೇಯಿಸಿ ಬದನೆಕಾಯಿ ಜೊತೆ ಸಾರು ಮಾಡಿದ್ರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಕಿಲ್ಲ. ಕೆಂಡದಲ್ಲಿ ಸುಡೋದಾದ್ರೆ ಸಿಪ್ಪೆಗೆ ಒಂದು ಗೀರು ಹಾಕಿ, ಇಲ್ಲದಿದ್ರೆ ಸಿಡಿದು ಮುಖಕ್ಕೆ ಬರುತ್ತೆ. ಶೇಖರಿಸಿಡೋಕೆ ನೆರಳಲ್ಲಿ ಒಣಗಿಸಿ, ಹಳೇ ಕಾಲದವರ ಹಾಗೆ ಕೆಮ್ಮಣ್ಣು ಹಚ್ಚಿ ಇಡಬಹುದು.

ಸಿಪ್ಪೆ, ನಾರು ದನಕ್ಕೆ ಪ್ರಾಣ. ಆದರೆ ಇಡೀ ಬುಟ್ಟಿ ಒಂದೇ ಸಲ ಮುಂದಿಟ್ಟು ಹೋಗಬೇಡಿ. ಸಿಹಿ ಅಂಶ ಹೊಟ್ಟೆಯಲ್ಲಿ ಬೇಗ ಹುಳಿಯಾಗಿ, ಹೊಟ್ಟೆ ಉಬ್ಬರಿಸಿ, ಹಸು ಮೆಲುಕು ನಿಲ್ಲಿಸಿ ಮಲಗಿಬಿಡುತ್ತೆ. ಹಲಸಿನ ಕಾಲದಲ್ಲಿ ಹೀಗೆ ಸಾಯುವ ದನಗಳೂ ಇವೆ. ಸ್ವಲ್ಪ ಸ್ವಲ್ಪ, ಹುಲ್ಲಿನ ಜೊತೆ ಬೆರೆಸಿ ಕೊಡಿ. ಮರದ ಕೆಳಗೆ ಹಣ್ಣು ಉದುರುತ್ತಿದ್ರೆ ಅಲ್ಲಿ ದನ ಕಟ್ಟಬೇಡಿ. ಜಾಸ್ತಿ ತಿಂದು ಮೆಲುಕು ನಿಲ್ಲಿಸಿದೆ ಅನಿಸಿದ್ರೆ ಮನೆಮದ್ದು ಮಾಡಿಕೊಂಡು ಬೆಳಗಿನವರೆಗೆ ಕಾಯದೆ ಪಶುವೈದ್ಯರನ್ನು ಕರೆಸಿ. ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962.